ಜೇನುಪೆಟ್ಟಿಗೆ ಎಲ್ಲಿದೆ ಅಂತ ಮೊದಲು ಹೇಳಿ

ಶಿರಸಿ, ಸಿದ್ದಾಪುರ ಕಡೆಯ ಅಡಿಕೆ ತೋಟಗಳಲ್ಲಿ ಹುಲ್ಲು ಹೊಡೆಯುವುದು ನನ್ನ ಕೆಲಸ. ಡಿಗ್ರಿ ಮುಗಿದ ಮೇಲೆ ಊರಲ್ಲೇ ಇರುವುದು ಅಂತ ತೀರ್ಮಾನಿಸಿ, ಸಾಲ ಮಾಡಿ ಒಂದು ವೀಡ್ ಕಟ್ಟರ್ ತಂದೆ. ಮಳೆ ಹಿಂದಾದಲ್ಲಿಂದ ಕೊನೆಕೊಯ್ಲು ಶುರುವಾಗುವವರೆಗೆ ನನಗೆ ಪುರುಸೊತ್ತು ಇರುವುದಿಲ್ಲ. ಕೊಯ್ಲಿಗೆ ಮುಂಚೆ ಮರದ ಬುಡ ಚೊಕ್ಕಟವಾಗದಿದ್ದರೆ ಉದುರಿದ ಅಡಿಕೆ ಹುಲ್ಲಿನಲ್ಲಿ ಸಿಕ್ಕುವುದಿಲ್ಲ. ಎಲ್ಲ ತೋಟದವರಿಗೂ ಒಂದೇ ಹೊತ್ತಿಗೆ ಆಳು ಬೇಕು. ಕತ್ತಿ ಹಿಡಿದು ಹುಲ್ಲು ಸವರುವವರು ಕಡಿಮೆಯಾಗಿದ್ದಾರೆ, ಹಾಗಾಗಿ ಮಷಿನ್ ಇದ್ದವನನ್ನು ಎಲ್ಲರೂ ಕರೆಯುತ್ತಾರೆ.

ನಮ್ಮ ಕಡೆ ಪೆಟ್ಟಿಗೆಯಲ್ಲಿ ಸಾಕುವುದು ಹೆಚ್ಚಾಗಿ ತುಡುವೆ ಜೇನು. ಹೆಜ್ಜೇನಿನ ಹಾಗೆ ಎತ್ತರದ ಮರದಲ್ಲಿ ಒಂದೇ ದೊಡ್ಡ ಎರಿ ಕಟ್ಟಿ ಬಯಲಲ್ಲಿ ಇರುವುದಲ್ಲ ಇದು. ಮರದ ಪೊಟರೆ, ಹುತ್ತ, ಪೆಟ್ಟಿಗೆ, ಹೀಗೆ ಕತ್ತಲೆ ಇರುವಲ್ಲಿ ಸಾಲಾಗಿ ಹಲವು ಎರಿ ಕಟ್ಟುತ್ತದೆ. ಸಾಧು ಜೇನು ಎಂದೇ ಇದಕ್ಕೆ ಹೆಸರು. ಪೆಟ್ಟಿಗೆಯ ಪಕ್ಕದಲ್ಲೇ ಮಕ್ಕಳು ಆಡಿಕೊಂಡಿರುವ ಮನೆಗಳನ್ನು ನಾನು ನೋಡಿದ್ದೇನೆ. ಜೇನು ದಾಳಿ ಅಂದಾಗ ಎಲ್ಲರ ಬಾಯಲ್ಲಿ ಬರುವುದು ಹೆಜ್ಜೇನು ಮಾತ್ರ. ಆದರೆ ನನ್ನನ್ನು ಆಸ್ಪತ್ರೆಗೆ ಹೊತ್ತುಕೊಂಡು ಹೋಗುವಂತೆ ಮಾಡಿದ್ದು ಇದೇ ಸಾಧು ಜೇನು. ಅದಕ್ಕೇ ಇದನ್ನು ಬರೆಯಬೇಕು ಅನ್ನಿಸಿತು.

ಆ ತೋಟ ಇದ್ದದ್ದು ಕಣಿವೆಯಲ್ಲಿ. ಮೇಲೆ ಧರೆಯ ತಲೆಗೆ ಮನೆ, ಕೆಳಗೆ ತೋಟ, ನಡುವೆ ಬಸಿಗಾಲುವೆ, ಅದನ್ನು ದಾಟಲು ಅಡಿಕೆ ಮರದ ಸಂಕ. ತೋಟದ ಆಚೆ ಅಂಚಿಗೆ ಸೊಪ್ಪಿನಬೆಟ್ಟ. ಯಜಮಾನರು ಪೇಟೆಗೆ ಹೋಗಿದ್ದರು. ಎಲ್ಲಿಂದ ಎಲ್ಲಿವರೆಗೆ ಹೊಡೆಯಬೇಕು, ಎಳೆ ಸಸಿ ಎಲ್ಲಿ ನೆಟ್ಟಿದೆ, ಡ್ರಿಪ್ ಪೈಪು ಎಲ್ಲಿ ಹಾದುಹೋಗಿದೆ ಎಂದೆಲ್ಲ ಹಿಂದಿನ ಸಂಜೆ ಫೋನಿನಲ್ಲಿ ಹೇಳಿದ್ದರು. ಜೇನುಪೆಟ್ಟಿಗೆಯ ಮಾತು ಬಂದಿರಲಿಲ್ಲ. ಪೆಟ್ಟಿಗೆಗಳಿದ್ದದ್ದು ಬೆಟ್ಟದ ಅಂಚಿಗೆ, ಸೊಂಟದೆತ್ತರ ಬೆಳೆದ ಹುಲ್ಲಿನ ಹಿಂದೆ. ತೋಟದ ಕಡೆಯಿಂದ ಹೋದವರಿಗೆ ಹುಲ್ಲು ಬಿಟ್ಟು ಏನೂ ಕಾಣುವಂತಿರಲಿಲ್ಲ.

ಹುಲ್ಲು ಹೊಡೆಯುವವನ ವೇಷ ಹೇಗಿರುತ್ತದೆ ಅಂತ ಹೇಳಬೇಕು, ಯಾಕೆಂದರೆ ಮುಂದಿನದೆಲ್ಲ ಅದರ ಮೇಲೇ ನಿಂತಿದೆ. ಕಾಲಿಗೆ ಗಂಬೂಟು, ಕೈಗೆ ದಪ್ಪ ಗ್ಲೌಸು, ಮುಖಕ್ಕೆ ಪಾರದರ್ಶಕ ಶೀಲ್ಡು, ಕಿವಿಗೆ ಸದ್ದು ತಡೆಯುವ ಮಫ್. ಮಷಿನ್ನಿನ ಭಾರವೆಲ್ಲ ಎರಡೂ ಹೆಗಲಿಗೆ ಹಾಕಿಕೊಂಡ ಬೆಲ್ಟಿನ ಮೇಲೆ. ಎದೆಯ ಹತ್ತಿರ ಒಂದು ಕ್ಲಿಪ್ಪು, ಸೊಂಟದ ಹತ್ತಿರ ಇನ್ನೊಂದು. ಕಲ್ಲು, ಕಡ್ಡಿ, ಹಾವು ಎಲ್ಲದರಿಂದಲೂ ಈ ವೇಷ ಕಾಯುತ್ತದೆ. ಆದರೆ ಇದನ್ನು ಹಾಕಿಕೊಂಡವನಿಗೆ ಸುತ್ತಲಿನ ಸದ್ದು ಕೇಳುವುದಿಲ್ಲ, ಪಕ್ಕಕ್ಕೆ ಸರಿಯಾಗಿ ಕಾಣುವುದಿಲ್ಲ, ಇದ್ದಕ್ಕಿದ್ದಂತೆ ಮಷಿನ್ ಬಿಟ್ಟು ಓಡಲೂ ಆಗುವುದಿಲ್ಲ.

ಮಧ್ಯಾಹ್ನದ ಮೇಲೆ ಮೋಡ ಕವಿದಿತ್ತು. ಬೆಟ್ಟದ ಅಂಚಿನ ಕೊನೆಯ ಪಟ್ಟಿ ಹೊಡೆಯುತ್ತಿದ್ದೆ. ಮುಖದ ಶೀಲ್ಡಿಗೆ ಏನೋ ಬಂದು ಬಡಿಯಿತು. ಮತ್ತೊಂದು ಸಲ ಬಡಿಯಿತು. ಹುಲ್ಲಿನ ಚೂರು ಹಾರಿ ಬಂದು ತಾಗುವುದು ನಮಗೆ ದಿನವೂ ಇದ್ದದ್ದೇ. ಅಷ್ಟರಲ್ಲಿ ಬ್ಲೇಡಿಗೆ ಒಂದು ಹರಳುಕಲ್ಲು ಸಿಕ್ಕಿ ಹುಲ್ಲಿನೊಳಕ್ಕೆ ಚಿಮ್ಮಿತು. ಅದು ಹೋಗಿ ಪೆಟ್ಟಿಗೆಯ ಹಲಗೆಗೆ ತಗುಲಿತ್ತು ಎಂದು ಆಮೇಲೆ ಗೊತ್ತಾಯಿತು.

ಮೊದಲ ಕುಟುಕು ಕತ್ತಿನ ಹಿಂದೆ, ಅದರ ಬೆನ್ನಿಗೇ ಕಿವಿಯ ಕೆಳಗೆ. ಶೀಲ್ಡಿನ ಒಳಗೆ ಎರಡು ಜೇನು ಬಂದು ಕಣ್ಣಿನ ಮುಂದೆಯೇ ಹರಿದಾಡತೊಡಗಿದವು. ಎಂಜಿನ್ ಬಂದ್ ಮಾಡಿದೆ. ಮಫ್ ಎಳೆದು ಬಿಸಾಕಿದಾಗಲೇ ಆ ಮೊರೆತ ಕೇಳಿದ್ದು. ಸುತ್ತಲೂ ಇತ್ತು ಅದು, ತಲೆಯ ಒಳಗಿಂದ ಬಂದ ಹಾಗೆ ಇತ್ತು. ಜೊತೆಗೆ ಕಳಿತ ಬಾಳೆಹಣ್ಣಿನ ಗಾಢ ವಾಸನೆ. ಪೆಟ್ರೋಲು, ಹಸಿ ಹುಲ್ಲಿನ ವಾಸನೆಯ ನಡುವೆ ಬಾಳೆಹಣ್ಣು ಎಲ್ಲಿಂದ ಬಂತು ಎಂದು ಆ ಗಡಿಬಿಡಿಯಲ್ಲೂ ಅನ್ನಿಸಿದ್ದು ನೆನಪಿದೆ.

ಬೆಲ್ಟಿನ ಕ್ಲಿಪ್ಪು ಗ್ಲೌಸಿನ ಬೆರಳಿಗೆ ಸಿಕ್ಕಲಿಲ್ಲ. ಗ್ಲೌಸು ತೆಗೆದೆ, ಬರಿಗೈಗೆ ಕೂತವು. ಎದೆಯ ಕ್ಲಿಪ್ಪು ಬಿಟ್ಟಿತು, ಸೊಂಟದ್ದು ಬಿಡಲಿಲ್ಲ. ಆ ಹೊತ್ತು ಎಷ್ಟು ಸೆಕೆಂಡಿನದೋ ಹೇಳಲಾರೆ. ಮಷಿನ್ನಿಗೆ ಕಟ್ಟಿಹಾಕಿಕೊಂಡು ನಿಂತಲ್ಲೇ ನಿಂತು ಕಚ್ಚಿಸಿಕೊಂಡೆ. ಕಡೆಗೂ ಅದು ಬಿಟ್ಟಿತು. ಅಂಗಿಯನ್ನು ತಲೆಯ ಮೇಲೆ ಎಳೆದುಕೊಂಡು ಮನೆಯ ಕಡೆ ಓಡಿದೆ. ಸಂಕ ದಾಟಿದೆ, ಧರೆಯ ಮೆಟ್ಟಿಲು ಹತ್ತಿದೆ. ಕೂಗುತ್ತಲೇ ಓಡಿದ್ದೆನಂತೆ, ನನಗೆ ಅದು ನೆನಪಿಲ್ಲ.

ಆ ಮನೆಯ ಅಮ್ಮ ಅಂಗಳದ ತುದಿಗೆ ಬಂದಿದ್ದರು. "ಒಳಗೆ ಬರಬೇಡ ತಮ್ಮಾ, ಬಚ್ಚಲಮನೆಗೆ ಹೋಗು, ಬಚ್ಚಲಮನೆಗೆ!" ಎಂದು ಕೈ ತೋರಿಸಿದರು. ಅವರು ಅಷ್ಟು ಹೇಳಿದ್ದು ನನ್ನ ಜೀವ ಉಳಿಸಿತು ಎಂದೇ ನಂಬಿದ್ದೇನೆ. ನಮ್ಮ ಕಡೆಯ ಬಚ್ಚಲಮನೆಯಲ್ಲಿ ಹಂಡೆಯ ಒಲೆ ಉರಿಯುತ್ತಲೇ ಇರುತ್ತದೆ. ಅವರು ಹಿಂದೆಯೇ ಬಂದು ಕಂಬಳಿ ನನ್ನ ಮೇಲೆ ಎಸೆದು, ಒಲೆಗೆ ಹಸಿ ಸೊಪ್ಪು ತುರುಕಿ ಬಾಗಿಲೆಳೆದರು. ಹೊಗೆ ಏಳುತ್ತಿದ್ದಂತೆ ನನ್ನ ಮೇಲಿದ್ದ ಜೇನುಗಳು ಒಂದೊಂದೇ ಬಿಟ್ಟು ಬೆಳಕಿಂಡಿಯ ಕಡೆ ಹಾರಿದವು. ಜೇನು ಕತ್ತಲೆಯಲ್ಲಿ ಕಚ್ಚುತ್ತ ಕೂರುವುದಿಲ್ಲ, ಬೆಳಕಿದ್ದ ಕಡೆ ಹೋಗುತ್ತದೆ. ಹೊಗೆ ಅದರ ಎಚ್ಚರಿಕೆಯ ವಾಸನೆಯನ್ನು ಮರೆಸುತ್ತದೆ. ಮೂರು ತಲೆಮಾರು ಜೇನಿನ ಜೊತೆ ಬಾಳಿದ ಮನೆಯವರಿಗೆ ಅದು ಯೋಚಿಸದೆಯೇ ಗೊತ್ತಿತ್ತು.

ಹೊಗೆಯಲ್ಲೇ ಕೂತು ಅಮ್ಮ ಮತ್ತು ಅವರ ಸೊಸೆ ಮುಳ್ಳು ತೆಗೆಯಲು ಶುರುಮಾಡಿದರು. ನನ್ನ ಮುಂಗೈಯಲ್ಲಿ ನೆಟ್ಟ ಒಂದು ಮುಳ್ಳನ್ನು ಹತ್ತಿರದಿಂದ ನೋಡಿದೆ. ಮುಳ್ಳಿನ ಮೇಲ್ತುದಿಗೆ ಸಾಸಿವೆಗಿಂತ ಸಣ್ಣ ಬಿಳಿಯ ಚೀಲ. ಜೇನು ಹೊಟ್ಟೆ ಹರಿದುಕೊಂಡು ಹೋಗಿಯಾಗಿತ್ತು, ಚೀಲ ಮಾತ್ರ ತನ್ನಷ್ಟಕ್ಕೆ ಮಿಡಿಯುತ್ತಿತ್ತು, ಒಳಗೆ ವಿಷ ತಳ್ಳುತ್ತಲೇ ಇತ್ತು. ಜೇನಿನ ಮುಳ್ಳಿಗೆ ಹಿಮ್ಮುಖವಾದ ಗರಗಸದಂಥ ಹಲ್ಲುಗಳಿವೆ, ಚರ್ಮದೊಳಗೆ ಹೋದದ್ದು ಹಿಂದೆ ಬರುವುದಿಲ್ಲ. ಚೀಲ ಹಿಸುಕಿದರೆ ವಿಷ ಹೆಚ್ಚು ಇಳಿಯುತ್ತದೆ, ಉಗುರಿನಿಂದ ಕೆರೆದೇ ತೆಗೆಯಬೇಕು ಎಂದು ಹಲವರು ಹೇಳುವುದುಂಟು. 1996ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದ ಒಂದು ಪ್ರಯೋಗ ತೋರಿಸಿದ್ದು ಬೇರೆ. ಹೇಗೆ ತೆಗೆದಿರಿ ಎಂಬುದಲ್ಲ, ಎಷ್ಟು ಬೇಗ ತೆಗೆದಿರಿ ಎಂಬುದೇ ಮುಖ್ಯ. ಚಿವುಟಿ ತೆಗೆದರೂ ಸರಿ, ಕೆರೆದು ತೆಗೆದರೂ ಸರಿ, ತಡಮಾಡಬಾರದು.

ನೋವು ನಾನು ತಡೆಯಬಲ್ಲೆ. ಮುಂಚೆಯೂ ಒಂದೆರಡು ಸಲ ಜೇನು ಕಚ್ಚಿತ್ತು, ಊದಿಕೊಂಡು ಇಳಿದಿತ್ತು. ಈ ಸಲ ಆದದ್ದು ಬೇರೆ. ಮೊದಲು ಅಂಗೈ, ಅಂಗಾಲು, ನೆತ್ತಿ ವಿಪರೀತ ತುರಿಸಿತು. ಅಲ್ಲಿ ಜೇನು ಕಚ್ಚಿರಲೇ ಇಲ್ಲ. ಹೊಟ್ಟೆ, ತೊಡೆಯ ಮೇಲೆ ಪಿತ್ತದ ಗಂಧೆ ಎದ್ದವು. ತುಟಿ ದಪ್ಪವಾಯಿತು. ವಾಂತಿಯಾಯಿತು. ಮಾತಾಡಲು ಹೋದರೆ ದನಿ ಗೊಗ್ಗರಾಗಿತ್ತು. ಗಂಟಲಲ್ಲಿ ಏನೋ ಸಿಕ್ಕಿಕೊಂಡ ಹಾಗೆ, ಉಸಿರು ಎಳೆದಷ್ಟೂ ಸಾಲದು. ಪಕ್ಕದ ಮನೆಯವರು ವೀಳ್ಯದ ಸುಣ್ಣ ತಂದರು, ಇನ್ನೊಬ್ಬರು ತುಂಬೆ ಸೊಪ್ಪು ಜಜ್ಜಿ ತಂದರು. ಪ್ರೀತಿಯಿಂದಲೇ ತಂದದ್ದು. ಆದರೆ ಗಂಟಲು ಕಟ್ಟುತ್ತಿರುವವನಿಗೆ ಚರ್ಮದ ಮೇಲಿನ ಸುಣ್ಣ ಏನೂ ಮಾಡಲಾರದು.

ಅಲ್ಲಿಗೆ ಬಂದ ಆಶಾ ಕಾರ್ಯಕರ್ತೆ ನನ್ನ ದನಿ ಕೇಳಿದವರೇ, "ಮದ್ದು ಎಲ್ಲ ಆಮೇಲೆ, ಮೊದಲು ಜೀಪು ತನ್ನಿ" ಅಂದರು. ಕಣಿವೆಯಲ್ಲಿ ಮೊಬೈಲ್ ಸಿಗ್ನಲ್ ಇಲ್ಲ, ಆಂಬುಲೆನ್ಸಿಗೆ ಫೋನ್ ಮಾಡಲೂ ಗುಡ್ಡ ಹತ್ತಬೇಕು. ಪಕ್ಕದ ಮನೆಯ ಜೀಪು ಬಂತು. ನನ್ನನ್ನು ಎತ್ತಿ ಮುಂದಿನ ಸೀಟಿನಲ್ಲಿ ಕೂರಿಸಿದರು. ಕೂತ ಕೂಡಲೇ ಕಣ್ಣು ಕತ್ತಲೆ ಬಂತು. ಆಶಾ ಅಕ್ಕ ಕೂಡಲೇ ಇಳಿಸಿ, ಹಿಂದುಗಡೆ ಉದ್ದಕ್ಕೆ ಮಲಗಿಸಿ, ಕಾಲ ಕೆಳಗೆ ಅಡಿಕೆ ಚೀಲದ ಸುರುಳಿ ಇಟ್ಟರು. ಕಾಲು ಎತ್ತರವಾದ ಮೇಲೆ ಜನರ ಮಾತು ಮತ್ತೆ ಕಿವಿಗೆ ಬಿತ್ತು. ಅದರ ಕಾರಣವನ್ನು ಆಸ್ಪತ್ರೆಯಲ್ಲಿ ಡಾಕ್ಟರು ವಿವರಿಸಿದರು. ಅಲರ್ಜಿ ಮೈಯೆಲ್ಲ ಹಬ್ಬಿದಾಗ ರಕ್ತನಾಳಗಳು ಸಡಿಲವಾಗಿ ಬಿಪಿ ಕುಸಿಯುತ್ತದೆ. ಅಂಥವರನ್ನು ದಿಢೀರನೆ ಎಬ್ಬಿಸಿ ಕೂರಿಸಿದರೆ, ನಡೆಸಿದರೆ ಹೃದಯಕ್ಕೆ ರಕ್ತ ಸಾಲದೆ ಪ್ರಾಣವೇ ಹೋಗಬಹುದು. ವಾಂತಿಯಾಗುತ್ತಿದ್ದರೆ ಮಗ್ಗುಲಿಗೆ ಮಲಗಿಸಬೇಕು. ಉಸಿರಾಟ ಮಾತ್ರ ಕಷ್ಟವಾಗಿದ್ದರೆ ತುಸು ಒರಗಿಸಬಹುದು. ನಡೆಸಿಕೊಂಡು ಮಾತ್ರ ಹೋಗಬಾರದು.

ತಿರುವಿನ ರಸ್ತೆಯಲ್ಲಿ ಆ ಜೀಪಿನಲ್ಲಿ ಮಲಗಿ ಹೋದದ್ದನ್ನು ನಾನು ಮರೆಯಲಾರೆ. ಸಾಯುತ್ತೇನೆ ಎಂಬ ಯೋಚನೆ ಹೆದರಿಕೆಯಾಗಿ ಬರಲಿಲ್ಲ, ಖಚಿತವಾದ ಸುದ್ದಿಯ ಹಾಗೆ ಬಂತು. ಮೈಯೆಲ್ಲ ಹಬ್ಬುವ ಅಲರ್ಜಿಯಲ್ಲಿ ಇಂಥ ಭಾವನೆ ಹಲವರಿಗೆ ಬರುತ್ತದೆ, ಅದೂ ಒಂದು ರೋಗಲಕ್ಷಣವೇ ಎಂದು ಡಾಕ್ಟರು ಹೇಳಿದ ಮೇಲೆ ಮನಸ್ಸಿಗೆ ಎಷ್ಟೋ ಸಮಾಧಾನವಾಯಿತು.

ಆಸ್ಪತ್ರೆಯಲ್ಲಿ ಮೊದಲು ಕೊಟ್ಟದ್ದು ತೊಡೆಯ ಹೊರಮಗ್ಗುಲಿಗೆ ಅಡ್ರಿನಲಿನ್ ಇಂಜೆಕ್ಷನ್, ದೊಡ್ಡವರಿಗೆ ಕೊಡುವ 0.5 ಮಿಲಿಗ್ರಾಂ. ಆಮೇಲೆ ಆಮ್ಲಜನಕ, ಸಲೈನ್, ಅಲರ್ಜಿಯ ಮದ್ದು. ಅಡ್ರಿನಲಿನ್ ಹೋದ ಕೆಲವೇ ನಿಮಿಷಕ್ಕೆ ಗಂಟಲಿನ ಬಿಗಿ ಸಡಿಲವಾಯಿತು, ಎದೆ ಮಾತ್ರ ಡಬಡಬ ಹೊಡೆದುಕೊಂಡಿತು. ಹಾವಿನ ವಿಷಕ್ಕೆ ಇರುವಂತೆ ಜೇನಿನ ವಿಷಕ್ಕೆ ಬಳಕೆಯಲ್ಲಿರುವ ಪ್ರತಿವಿಷ ಇಲ್ಲ. ಹೊತ್ತಿಗೆ ಸರಿಯಾಗಿ ಸಿಕ್ಕ ಅಡ್ರಿನಲಿನ್ನೇ ಜೀವ ಉಳಿಸುವುದು.

ಚೇತರಿಸಿಕೊಂಡ ಮೇಲೂ ಮನೆಗೆ ಕಳಿಸಲಿಲ್ಲ. ಅಲರ್ಜಿ ಒಮ್ಮೆ ಇಳಿದು, ಹೊಸ ಕುಟುಕು ಇಲ್ಲದೆಯೇ ಗಂಟೆಗಳ ನಂತರ ಮತ್ತೆ ಏಳಬಹುದು. ಇನ್ನೊಂದು ಕಾರಣವೂ ಇತ್ತು. ಜೇನಿನ ವಿಷದ ಒಣತೂಕದಲ್ಲಿ ಅರ್ಧದಷ್ಟು ಇರುವುದು ಮೆಲಿಟಿನ್. ಅದು ಜೀವಕೋಶಗಳ ಪೊರೆಯನ್ನೇ ಒಡೆಯುತ್ತದೆ. ಬಹಳ ಕುಟುಕು ಬಿದ್ದಾಗ ಅಲರ್ಜಿ ಇಲ್ಲದವರಿಗೂ ಸ್ನಾಯು, ರಕ್ತಕಣಗಳು ಒಡೆದು, ಆ ಕಲ್ಮಶ ಸೋಸುವ ಕೆಲಸದಲ್ಲಿ ಕಿಡ್ನಿ ಕೆಡಬಹುದು. ಹಾಗಾಗಿ ಮೂತ್ರದ ಬಣ್ಣ ನೋಡುತ್ತಿದ್ದರು, ರಕ್ತ ತೆಗೆದು ಪರೀಕ್ಷೆಗೆ ಕಳಿಸಿದರು. ನನ್ನ ಕಿಡ್ನಿಗೆ ಏನೂ ಆಗಲಿಲ್ಲ. ಮುಖ ಮಾತ್ರ ನನ್ನ ಅಮ್ಮನಿಗೂ ಗುರುತು ಸಿಗದ ಹಾಗೆ ಊದಿತ್ತು.

ಆಮೇಲಿನ ದಿನಗಳದ್ದು ಬೇರೆಯೇ ಕಷ್ಟ. ಗಾಯ ಮಾಗಿತು, ಹೆದರಿಕೆ ಮಾಗಲಿಲ್ಲ. ನೊಣ ಹಾರಿದರೂ ಕತ್ತು ಕುಗ್ಗುತ್ತಿತ್ತು. ಕಳಿತ ಬಾಳೆಹಣ್ಣಿನ ವಾಸನೆ ಬಂದರೆ ಅನ್ನ ಸೇರುತ್ತಿರಲಿಲ್ಲ. ಆ ವಾಸನೆ ನನ್ನ ಭ್ರಮೆ ಅಂತಲೇ ಅಂದುಕೊಂಡಿದ್ದೆ. ಪೆಟ್ಟಿಗೆ ನೋಡಿಕೊಳ್ಳುವ ಯಜಮಾನರ ತಮ್ಮ ನಮ್ಮ ಮನೆಗೆ ಬಂದು ಬಿಡಿಸಿ ಹೇಳಿದರು. ಜೇನು ಕುಟುಕಿದಾಗ ಮುಳ್ಳಿನ ಬುಡದಿಂದ ಒಂದು ವಾಸನೆ ಹೊರಡುತ್ತದೆ. "ಇಲ್ಲಿದ್ದಾನೆ, ಬನ್ನಿ" ಎಂದು ಉಳಿದವನ್ನು ಕರೆಯುವುದು ಅದೇ. ಸ್ವಿಸ್ ಜೇನುತಜ್ಞ ಫ್ರಾಂಸ್ವಾ ಹ್ಯೂಬರ್ ಇದನ್ನು 1814ರಷ್ಟು ಹಿಂದೆಯೇ ಬರೆದಿದ್ದರು. ಮುಳ್ಳನ್ನು ಚಿಮುಟದಲ್ಲಿ ಹಿಡಿದು ಗೂಡಿನ ಬಾಯಿಗೆ ಒಯ್ದರೆ ಸಾಕು, ಒಳಗಿನ ಜೇನು ಕೆರಳುತ್ತವೆ. 1962ರಲ್ಲಿ ವಿಜ್ಞಾನಿಗಳು ಆ ವಾಸನೆಯಲ್ಲಿರುವ ಮುಖ್ಯ ವಸ್ತು ಐಸೋಅಮೈಲ್ ಅಸಿಟೇಟ್ ಎಂದು ಗುರುತಿಸಿದರು. ಬಾಳೆಹಣ್ಣಿನ ವಾಸನೆಯಲ್ಲಿ ಇರುವುದೂ ಅದೇ. ಒಂದು ಕುಟುಕು ಬಿದ್ದ ಜಾಗಕ್ಕೆ ಹತ್ತು ಬೀಳುವುದು ಇದಕ್ಕಾಗಿ. ನಿಂತು ಕೈ ಬೀಸಿದಷ್ಟೂ, ಜೇನನ್ನು ಮೈಮೇಲೆ ಅಪ್ಪಳಿಸಿ ಕೊಂದಷ್ಟೂ ಆ ಕರೆ ಹೆಚ್ಚುತ್ತದೆ.

ಆ ದಿನ ಅವು ಅಷ್ಟು ಕೆರಳಲು ಕಾರಣವನ್ನೂ ಅವರೇ ಹೇಳಿದರು. ಮಲೆನಾಡಿನ ಮಳೆಗಾಲ ಜೇನಿಗೆ ಬರಗಾಲ. ತಿಂಗಳುಗಟ್ಟಲೆ ಹೂವಿಲ್ಲ, ಹೊರಗೆ ಹೋಗಲು ಬಿಸಿಲಿಲ್ಲ. ಸಾಕುವವರು ಸಕ್ಕರೆ ಪಾಕ ಇಟ್ಟು ಬದುಕಿಸಿಕೊಳ್ಳಬೇಕು. ಮಳೆ ಹೋಗುವ ಹೊತ್ತಿಗೆ ಗೂಡಿನಲ್ಲಿ ದಾಸ್ತಾನು ಕಡಿಮೆ, ಕದಿಯಲು ಬರುವ ಬೇರೆ ಗೂಡಿನ ಜೇನು, ಕಣಜ, ಇರುವೆಗಳು ಹೆಚ್ಚು. ಪೆಟ್ಟಿಗೆಯ ಕಾಲುಗಳನ್ನು ನೀರಿನ ಬಟ್ಟಲಲ್ಲಿ ಇಡುವುದು ಇರುವೆಗೆ ಹೆದರಿಯೇ. ಹೀಗಾಗಿ ಕಾವಲು ಬಿಗಿಯಾಗಿರುತ್ತದೆ. ಮೋಡ ಮುಚ್ಚಿದ ದಿನವಾದರೆ ಹೊರಗೆ ದುಡಿಯುವ ಜೇನೆಲ್ಲ ಮನೆಯಲ್ಲೇ ಇರುತ್ತವೆ. ಅಂಥ ಹೊತ್ತಿನಲ್ಲಿ ನೆಲ ನಡುಗಿಸುವ ಎಂಜಿನ್ನು, ಸುಟ್ಟ ಎಣ್ಣೆಯ ಹೊಗೆ, ಕೊಚ್ಚಿದ ಹುಲ್ಲಿನ ವಾಸನೆ, ಬೆವರಿದ ಮನುಷ್ಯ, ಮೇಲೆ ಒಂದು ಕಲ್ಲೇಟು. ನಮ್ಮ ಕೊಯ್ಲಿನ ಮುಂಚಿನ ಅವಸರವೂ ಅವುಗಳ ಕಷ್ಟಕಾಲವೂ ಪ್ರತಿ ವರ್ಷ ಒಟ್ಟಿಗೇ ಬರುತ್ತವೆ.

ನನ್ನನ್ನು ಬಹಳ ತಟ್ಟಿದ್ದು ಇನ್ನೊಂದು ಸಂಗತಿ. ಅವರು ಮೊಬೈಲಿನಲ್ಲಿ ಒಂದು ಸದ್ದು ಹಿಡಿದು ತಂದಿದ್ದರು. ಪೆಟ್ಟಿಗೆಯನ್ನು ಬೆರಳಿನಿಂದ ಮೆಲ್ಲಗೆ ತಟ್ಟುವ ಸದ್ದು, ಅದರ ಹಿಂದೆಯೇ ಒಳಗಿಂದ ಅಷ್ಟೂ ಜೇನು ಒಟ್ಟಿಗೆ 'ಸ್ಸ್ಸ್' ಎನ್ನುವ ಸದ್ದು, ಕ್ಷಣದಲ್ಲಿ ನಿಲ್ಲುತ್ತದೆ. ತುಡುವೆ ಜೇನಿಗೆ ತೊಂದರೆಯಾದಾಗ ಅದು ಹೀಗೆ ಬುಸುಗುಡುತ್ತದೆ. ಅದಕ್ಕೂ ಮುಂಚೆ ಕಾವಲು ಜೇನು ಹೊರಗೆ ಬಂದು ಮುಖದ ಮುಂದೆ ಸುತ್ತುತ್ತದೆ, ಮುಳ್ಳು ಹಾಕದೆ ಬರೀ ತಲೆಯಿಂದ ಡಿಕ್ಕಿ ಹೊಡೆಯುತ್ತದೆ. ನನ್ನ ಶೀಲ್ಡಿಗೆ ಬಡಿದದ್ದು ಹುಲ್ಲಿನ ಚೂರಲ್ಲ, ಇಂಥ ಕಾವಲು ಜೇನು ಎಂದೇ ಅವರ ಅಂದಾಜು. ಅಂದರೆ ಜೇನು ಹೇಳಿಯೇ ಕಚ್ಚಿದ್ದು. ಕತ್ತಿ ಹಿಡಿದು ಹುಲ್ಲು ಸವರುತ್ತಿದ್ದವರಿಗೆ ಆ ಎಚ್ಚರಿಕೆ ಕೇಳುತ್ತಿತ್ತು, ಕಾಣುತ್ತಿತ್ತು, ಅವರು ಹಿಂದೆ ಸರಿಯುತ್ತಿದ್ದರು. ಮಷಿನ್ ಕಟ್ಟಿಕೊಂಡವನಿಗೆ ಅದು ಮುಟ್ಟುವ ದಾರಿಯೇ ಇಲ್ಲ.

ಸುದ್ದಿ ಹಬ್ಬಿದ ಮೇಲೆ ಊರಿನ ಕೆಲವರು ಆ ಪೆಟ್ಟಿಗೆಗಳನ್ನು ತೆಗೆಸಬೇಕು ಅಂದರು. ಒಬ್ಬರು ರಾತ್ರಿ ಬೆಂಕಿ ಹಾಕಿಬಿಡಿ ಎಂದೂ ಅಂದರು. ನಾನು ಬೇಡವೇ ಬೇಡ ಅಂದೆ, ಈಗಲೂ ಅನ್ನುತ್ತೇನೆ. ಅದೇ ತೋಟದ ಏಲಕ್ಕಿ ಕಾಯಿ ಕಚ್ಚುವುದು ಜೇನು ಹೂವಿಗೆ ಬಂದರೆ ಮಾತ್ರ. 1990ರ ದಶಕದ ಶುರುವಿನಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ಬಂದು ದಕ್ಷಿಣ ಭಾರತದ ತುಡುವೆ ಜೇನು ಸಂಸಾರಗಳನ್ನು ಬರಿದುಮಾಡಿತ್ತು. ಅಟ್ಟ ಸೇರಿದ ಖಾಲಿ ಪೆಟ್ಟಿಗೆಗಳನ್ನು ಹಿರಿಯರು ಇನ್ನೂ ನೆನೆಸಿಕೊಳ್ಳುತ್ತಾರೆ. ಅಷ್ಟು ಕಷ್ಟದಿಂದ ಮತ್ತೆ ತುಂಬಿಕೊಂಡ ಪೆಟ್ಟಿಗೆಗಳಿವು. ತನ್ನ ಮನೆ ಕಾದ ಜೀವದ ಮೇಲೆ ನನಗೆ ಸಿಟ್ಟಿಲ್ಲ. ಬದಲಾಗಬೇಕಾದದ್ದು ನಾವು ಕೆಲಸ ಮಾಡುವ ರೀತಿ.

ಈಗ ನಾನು ಯಾವ ತೋಟಕ್ಕೆ ಹೋದರೂ ಮಷಿನ್ ಇಳಿಸುವ ಮುಂಚೆ ಮನೆಯವರ ಜೊತೆ ಒಂದು ಸುತ್ತು ಹಾಕುತ್ತೇನೆ. ಪೆಟ್ಟಿಗೆ ಎಲ್ಲಿದೆ, ಪೊಟರೆಯಲ್ಲಿ ಜೇನು ಇದೆಯೇ, ಮೇಲೆ ಮರದಲ್ಲಿ ಹೆಜ್ಜೇನು ಕಟ್ಟಿದೆಯೇ ಎಂದು ಕೇಳುತ್ತೇನೆ. ಪೆಟ್ಟಿಗೆ ಇದ್ದರೆ ಸುತ್ತ ಹತ್ತು ಮಾರು ದೂರಕ್ಕೆ ಕೆಂಪು ಪಟ್ಟಿ ಕಟ್ಟಿಸುತ್ತೇನೆ, ಅದರೊಳಗೆ ಮಷಿನ್ ಒಯ್ಯುವುದಿಲ್ಲ. ಅಲ್ಲಿನ ಹುಲ್ಲನ್ನು ಜೇನು ಸಾಕುವವರೇ ಮುಖಪರದೆ ಹಾಕಿಕೊಂಡು, ಹೊಗೆ ತೋರಿಸಿ, ಜೇನು ಗೂಡು ಸೇರಿದ ಮೇಲೆ ಕತ್ತಿಯಲ್ಲಿ ತೆಗೆಯಬೇಕು. ಪೆಟ್ಟಿಗೆಯ ಅಡಿಗೆ, ಸುತ್ತಿಗೆ ಅಡಿಕೆ ಸೋಗೆ ದಪ್ಪವಾಗಿ ಹಾಸಿಟ್ಟರೆ ಹುಲ್ಲೇ ಏಳುವುದಿಲ್ಲ, ಪೆಟ್ಟಿಗೆ ದೂರದಿಂದ ಕಾಣುತ್ತದೆ. ಬೆಲ್ಟನ್ನು ಒಂದೇ ಎಳೆತಕ್ಕೆ ಬಿಡುವ ಕ್ಲಿಪ್ಪಿಗೆ ಬದಲಿಸಿದ್ದೇನೆ, ಗ್ಲೌಸು ಹಾಕಿಕೊಂಡೇ ಬಿಚ್ಚಿ ಅಭ್ಯಾಸ ಮಾಡಿದ್ದೇನೆ. ಒಬ್ಬನೇ ಕೆಲಸಕ್ಕೆ ಹೋಗುವುದಿಲ್ಲ. ಡಾಕ್ಟರು ಬರೆದುಕೊಟ್ಟು, ಹಾಕುವುದನ್ನು ಕಲಿಸಿಕೊಟ್ಟ ಅಡ್ರಿನಲಿನ್ ಚೀಲದಲ್ಲಿ ಇರುತ್ತದೆ. ಅದು ಎಲ್ಲಿದೆ ಎಂದು ಜೊತೆಗಾರನಿಗೂ ಗೊತ್ತು.

ಜೇನು ಬಂದರೆ ಏನು ಮಾಡಬೇಕು ಎಂದು ಕೇಳುವವರಿಗೆ ಹೇಳುವುದಿಷ್ಟು. ಕೈ ಬೀಸಬೇಡಿ, ಮುಖ ಮುಚ್ಚಿಕೊಂಡು ನಿಲ್ಲದೆ ಓಡಿ, ಬಾಗಿಲು ಹಾಕುವಂಥ ಜಾಗ ಸೇರಿ. ಕೆರೆಗೆ ಹಾರಬೇಡಿ, ತಲೆ ಮೇಲೆತ್ತುವವರೆಗೂ ಅವು ಕಾಯಬಲ್ಲವು. ಮುಳ್ಳು ಬೇಗ ತೆಗೆಯಿರಿ. ಕಚ್ಚದ ಜಾಗದಲ್ಲಿ ತುರಿಕೆ, ಗಂಧೆ, ವಾಂತಿ, ದನಿ ಬದಲಾವಣೆ, ಉಸಿರಿನ ತೊಂದರೆ, ತಲೆ ತಿರುಗು, ಇವುಗಳಲ್ಲಿ ಯಾವುದು ಕಂಡರೂ ಮಲಗಿಸಿಕೊಂಡೇ ಆಸ್ಪತ್ರೆಗೆ ಒಯ್ಯಿರಿ. ಹಿಂದೆ ಕಚ್ಚಿದಾಗ ಏನೂ ಆಗಿರಲಿಲ್ಲ ಎಂಬ ಧೈರ್ಯ ಬೇಡ.

ತೋಟದ ಯಜಮಾನರಲ್ಲಿ ನನ್ನದೊಂದು ಕೇಳಿಕೆ. ಕೂಲಿಗೆ ಬಂದವನಿಗೆ ಎಳೆ ಸಸಿ, ಪೈಪು ತೋರಿಸುವಷ್ಟೇ ಕಾಳಜಿಯಿಂದ ಜೇನುಪೆಟ್ಟಿಗೆಯನ್ನೂ ತೋರಿಸಿ. ಫೋನಿನಲ್ಲಿ ಹೇಳಿದರೆ ಸಾಲದು, ಕರೆದುಕೊಂಡು ಹೋಗಿ ತೋರಿಸಿ. ಅದಕ್ಕೆ ಹಿಡಿಯುವುದು ಹತ್ತು ನಿಮಿಷ. ಮಷಿನ್ ಹಿಡಿದವನೂ ಉಳಿಯುತ್ತಾನೆ, ಜೇನೂ ಉಳಿಯುತ್ತದೆ.